ಬೆಚ್ಚಿದ ತನುವಿಗೆ ಅಭಯ

ಭಯಂಕರವಾದ ಸುದ್ದಿಯೊಂದು ಕಿವಿಗೆ ಬಿದ್ದಾಗ ನಮ್ಮ ತಾಯಂದಿರು ಆಡುವ ಮಾತುಗಳನ್ನು ಗಮನಿಸಬೇಕು. 'ಕೇಳಿ ಕೈಕಾಲೇ ಬಿದ್ದುಹೋದವು' ಎನ್ನುತ್ತಾರೆ. 'ಎದೆ ಝಲ್ಲೆಂದಿತು', 'ಕರುಳು ಕಿತ್ತು ಬಂದಂತಾಯಿತು', 'ಹೊಟ್ಟೆಯೊಳಗೆ ಬೆಂಕಿ ಬಿತ್ತು' ಎನ್ನುತ್ತಾರೆ. ಈ ಮಾತುಗಳಲ್ಲಿ ಎಲ್ಲಿಯೂ ಮನಸ್ಸೆಂಬ ಶಬ್ದವಿಲ್ಲ. ಎದೆಯಿದೆ, ಕರುಳಿದೆ, ಕೈಕಾಲುಗಳಿವೆ. ಆಘಾತವು ಮೊದಲು ಬಂದು ಬಡಿಯುವುದು ಶರೀರಕ್ಕೆ ಎಂಬ ತಿಳಿವಳಿಕೆ ನಮ್ಮ ಆಡುನುಡಿಯಲ್ಲಿಯೇ ಹುದುಗಿದೆ. ಇದೇ ಸಂಗತಿಯನ್ನು ವೈದ್ಯವಿಜ್ಞಾನವು ಪ್ರಯೋಗಪೂರ್ವಕವಾಗಿ ವಿವರಿಸತೊಡಗಿದ್ದು ಕಳೆದ ಕೆಲವು ದಶಕಗಳಲ್ಲಿ. ಆಘಾತ ಹೊಕ್ಕ ಶರೀರವನ್ನು ಶರೀರದ ಮೂಲಕವೇ ಸಂತೈಸುವ ಚಿಕಿತ್ಸಾಕ್ರಮಗಳೂ ಅದರ ಬೆನ್ನಲ್ಲೇ ಬೆಳೆದಿವೆ. ಅವು ಯಾವುವು, ನಮ್ಮ ಪರಂಪರೆಗೂ ಅವಕ್ಕೂ ಇರುವ ನಂಟೇನು, ಭಕ್ತರ ಮನೆಗಳಲ್ಲಿ ಅವನ್ನು ಎಷ್ಟರಮಟ್ಟಿಗೆ ಅನುಸರಿಸಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಈ ವಿಚಾರ ನಮಗೆ ದೂರದ್ದಲ್ಲ. ದಾವಣಗೆರೆ ಮತ್ತು ಹರಿಹರಗಳ ಮಗ್ಗುಲಲ್ಲಿಯೇ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಹಾದುಹೋಗಿದೆ. ಹೆದ್ದಾರಿಯ ಅಪಘಾತದಲ್ಲಿ ಮನೆಯ ಯಜಮಾನನನ್ನು ಕಳೆದುಕೊಂಡ ಕುಟುಂಬಗಳು ಎರಡೂ ಊರುಗಳಲ್ಲಿವೆ. ತುಂಗಭದ್ರೆ ೨೦೧೯ರ ಆಗಸ್ಟಿನಲ್ಲಿ ಉಕ್ಕಿ ಬಂದಾಗ ನದೀತೀರದ ಜನ ಉಟ್ಟಬಟ್ಟೆಯಲ್ಲಿ ಮನೆ ಬಿಡಬೇಕಾಯಿತು. ೨೦೨೦ ಮತ್ತು ೨೦೨೧ರ ಕೊರೋನಾ ಕಾಲದಲ್ಲಿ ಹೆತ್ತವರ ಮುಖವನ್ನು ಕೊನೆಯ ಸಲ ನೋಡಲಾಗದೆ ಹೋದ ಮಕ್ಕಳ ಸಂಕಟ ಇನ್ನೂ ಆರಿಲ್ಲ. ಬಟ್ಟೆಯ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯಲ್ಲಿ ಗಿರಣಿಗಳು ಒಂದೊಂದಾಗಿ ನಿಂತಾಗ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದಾಗ, ನಡುವಯಸ್ಸಿನ ಕಾರ್ಮಿಕರ ಬದುಕು ಒಮ್ಮೆಲೇ ಬರಿದಾಯಿತು. ಇವರಲ್ಲಿ ಬಹುಮಂದಿ ಕಾಲಕ್ರಮದಲ್ಲಿ ಚೇತರಿಸಿಕೊಂಡರು. ಕೆಲವರು ಮಾತ್ರ ಘಟನೆ ಮುಗಿದು ವರ್ಷಗಳಾದರೂ ಅದರೊಳಗೇ ಉಳಿದಿದ್ದಾರೆ.

ತನು ಮರೆಯದ ನೆನಪು

ಅಂಥವರನ್ನು ಗುರುತಿಸುವುದು ಕಷ್ಟವಲ್ಲ. ಬಾಗಿಲು ಬಡಿದರೆ ಬೆಚ್ಚಿ ಬೀಳುತ್ತಾರೆ. ಲಾರಿಯ ಹಾರನ್ ಕೇಳಿದರೆ ಬೆವರುತ್ತಾರೆ. ಮಳೆ ಹಿಡಿದರೆ ರಾತ್ರಿಯೆಲ್ಲ ನಿದ್ರೆಯಿಲ್ಲ. ಘಟನೆ ನಡೆದ ರಸ್ತೆಯಲ್ಲಿ ಹೋಗಲೊಲ್ಲರು, ಅದರ ಮಾತು ಬಂದರೆ ಎದ್ದು ಹೋಗುತ್ತಾರೆ. ಕೆಟ್ಟ ಕನಸು, ಕಾರಣವಿಲ್ಲದ ಸಿಟ್ಟು, ಎದೆ ಬಡಿತ, ಬೆನ್ನುನೋವು, ಹೊಟ್ಟೆಯ ತೊಂದರೆ ಅವರನ್ನು ಕಾಡುತ್ತವೆ. ಇನ್ನು ಕೆಲವರು ಕಲ್ಲಿನಂತೆ ಕುಳಿತುಬಿಡುತ್ತಾರೆ, ಅಳುವುದಿಲ್ಲ, ನಗುವುದಿಲ್ಲ. ಮನೆಯವರು ಇ.ಸಿ.ಜಿ. ಮಾಡಿಸುತ್ತಾರೆ, ರಕ್ತಪರೀಕ್ಷೆ ಮಾಡಿಸುತ್ತಾರೆ. ಎಲ್ಲವೂ ಸರಿಯಾಗಿದೆಯೆಂಬ ವರದಿ ಬರುತ್ತದೆ. ಆಮೇಲೆ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತಾರೆ. ಅದೂ ಫಲಿಸದಿದ್ದಾಗ 'ಸುಮ್ಮನೆ ಸೋಗು' ಎಂಬ ಕಠೋರವಾದ ಮಾತು ಹೊರಬೀಳುತ್ತದೆ. ಸೋಗಲ್ಲ, ಗಾಳಿಯೂ ಅಲ್ಲ. ಇದು ಲಕ್ಷಣ ತಿಳಿದಿರುವ, ಚಿಕಿತ್ಸೆಯಿರುವ ಒಂದು ಬೇನೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಯೋಧರ ಅವಸ್ಥೆಯನ್ನು ಕಂಡ ಅಮೆರಿಕದ ಮನೋವೈದ್ಯರು ೧೯೮೦ರಲ್ಲಿ ಇದನ್ನು ತಮ್ಮ ರೋಗಗಳ ಪಟ್ಟಿಗೆ ಸೇರಿಸಿದರು. ಕನ್ನಡದಲ್ಲಿ ಇದನ್ನು ಆಘಾತೋತ್ತರ ಒತ್ತಡದ ಬೇನೆ ಎನ್ನಬಹುದು. ಈ ಲಕ್ಷಣಗಳು ಒಂದು ತಿಂಗಳು ಮೀರಿ ಉಳಿದು ನಿತ್ಯದ ಬದುಕನ್ನು ಕೆಡಿಸಿದರೆ ವೈದ್ಯರು ಈ ಹೆಸರಿಡುತ್ತಾರೆ.

ಶರೀರದೊಳಗೆ ನಡೆಯುವುದೇನು? ನಮ್ಮ ಇಚ್ಛೆಯನ್ನು ಕೇಳದೆ ಹೃದಯ, ಶ್ವಾಸ, ಜೀರ್ಣಾಂಗಗಳನ್ನು ನಡೆಸುವ ನರಮಂಡಲವೊಂದಿದೆ. ಅದಕ್ಕೆ ಎರಡು ಕವಲುಗಳು. ಒಂದು, ಅಪಾಯ ಬಂದಾಗ ರಕ್ತದಲ್ಲಿ ಅಡ್ರಿನಲಿನ್ ಹರಿಸಿ ಓಡಲು ಅಥವಾ ಎದುರಿಸಲು ಸಜ್ಜುಗೊಳಿಸುವಂಥದು. ಇನ್ನೊಂದು, ಅಪಾಯ ಕಳೆದ ಮೇಲೆ ಶರೀರವನ್ನು ವಿಶ್ರಾಂತಿಗೆ ಮರಳಿಸುವಂಥದು. ಮಿದುಳಿನಿಂದ ಇಳಿದು ಹೃದಯವನ್ನೂ ಜಠರವನ್ನೂ ಮುಟ್ಟುವ ವೇಗಸ್ ಎಂಬ ನರ ಇದರ ಮುಖ್ಯ ವಾಹಿನಿ. ಆರೋಗ್ಯವಂತನಲ್ಲಿ ಇವೆರಡೂ ತಕ್ಕಡಿಯ ತಟ್ಟೆಗಳಂತೆ ಏರಿಳಿಯುತ್ತವೆ. ತೀವ್ರವಾದ ಆಘಾತಕ್ಕೆ ಸಿಕ್ಕವನಲ್ಲಿ ತಟ್ಟೆಯೊಂದು ಮೇಲೆಯೇ ನಿಂತುಬಿಡುತ್ತದೆ. ಹೊಳೆ ಇಳಿದು ಎಷ್ಟೋ ಕಾಲವಾಗಿರುತ್ತದೆ. ಶರೀರದ ಪಾಲಿಗೆ ಹೊಳೆ ಇನ್ನೂ ಹೊಸ್ತಿಲಲ್ಲಿಯೇ ಇರುತ್ತದೆ. ಆದ್ದರಿಂದ 'ಆದದ್ದಾಯಿತು, ಮರೆತುಬಿಡು' ಎಂಬ ಬುದ್ಧಿಮಾತು ಕಿವಿಯಲ್ಲಿಯೇ ನಿಲ್ಲುತ್ತದೆ. ಬುದ್ಧಿಗೆ ತಿಳಿದದ್ದು ತನುವಿಗೆ ತಿಳಿದಿರುವುದಿಲ್ಲ. ತನುವಿಗೆ ತನುವಿನ ಭಾಷೆಯಲ್ಲಿಯೇ ತಿಳಿಸಬೇಕು.

ಪಶ್ಚಿಮಕ್ಕೆ ಹೋಗಿ ಬಂದ ವಿದ್ಯೆ

ಈ ನಿಟ್ಟಿನಲ್ಲಿ ದುಡಿದವರಲ್ಲಿ ಅಮೆರಿಕದ ಪೀಟರ್ ಲೆವಿನ್ ಒಬ್ಬರು. ಬೇಟೆಯಿಂದ ಪಾರಾದ ಪ್ರಾಣಿಯು ಮೈನಡುಗಿಸಿ ಭಯವನ್ನು ಕೊಡವಿಕೊಳ್ಳುವಂತೆ ಮನುಷ್ಯನ ದೇಹವೂ ತಡೆದಿಟ್ಟ ಭಯವನ್ನು ನಿಧಾನವಾಗಿ ಹೊರಗೆಡಹಬೇಕೆಂದು ಅವರು ೧೯೯೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದರು. ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಕ್ ಅವರು ಯೋಗಾಭ್ಯಾಸವನ್ನು ಪರೀಕ್ಷೆಗೆ ಒಡ್ಡಿದರು. ಇತರ ಚಿಕಿತ್ಸೆಗಳಿಂದ ಗುಣ ಕಾಣದ ೬೪ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ವಾರ ಹಠಯೋಗದ ಸೌಮ್ಯ ಅಭ್ಯಾಸವನ್ನೂ ಇನ್ನೊಂದಕ್ಕೆ ಆರೋಗ್ಯಶಿಕ್ಷಣವನ್ನೂ ನೀಡಲಾಯಿತು. ೨೦೧೪ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಯೋಗ ಮಾಡಿದವರಲ್ಲಿ ಶೇಕಡ ೫೨ರಷ್ಟು ಮಹಿಳೆಯರು ರೋಗದ ಲಕ್ಷಣಗಳ ಮಿತಿಯಿಂದ ಹೊರಬಂದಿದ್ದರು. ಇನ್ನೊಂದು ಗುಂಪಿನಲ್ಲಿ ಅಂಥವರು ಶೇಕಡ ೨೧ ಮಾತ್ರ. ೨೦೨೩ರಲ್ಲಿ ಅಮೆರಿಕದ ಮಾಜಿ ಯೋಧೆಯರನ್ನು ಕುರಿತ ಅಧ್ಯಯನವೊಂದು ಬಂತು. ಅದರಲ್ಲಿ ಇಂಥ ಯೋಗವು ಪ್ರಸಿದ್ಧವಾದ ಮಾತಿನ ಚಿಕಿತ್ಸೆಗೆ ಕಡಿಮೆಯಾಗಲಿಲ್ಲ. ಚಿಕಿತ್ಸೆಯನ್ನು ನಡುವೆ ಬಿಡದೆ ಪೂರೈಸಿದವರು ಯೋಗದ ಗುಂಪಿನಲ್ಲಿಯೇ ಹೆಚ್ಚಿದ್ದರು. ನಮ್ಮ ದೇಶದಲ್ಲಿಯೂ ೨೦೦೮ರ ಬಿಹಾರದ ನೆರೆಯಿಂದ ಪಾರಾದ ೨೨ ಜನರ ಮೇಲೆ ಶರ್ಲೀ ಟೆಲ್ಲೆಸ್ ಅವರ ತಂಡ ಒಂದು ವಾರದ ಪ್ರಯೋಗ ನಡೆಸಿತು. ಯೋಗ ಮಾಡಿದವರಲ್ಲಿ ದುಃಖ ತಗ್ಗಿತು. ಮಾಡದವರಲ್ಲಿ ಆತಂಕ ಏರಿತು. ಇವು ಸಣ್ಣ ಗುಂಪುಗಳ ಪ್ರಯೋಗಗಳು, ಎಲ್ಲ ರೋಗಿಗಳಿಗೂ ಇದೇ ಫಲ ಸಿಗುವುದೆಂಬ ಭರವಸೆಯಲ್ಲ. ಆದರೂ ದಾರಿ ಯಾವ ದಿಕ್ಕಿಗಿದೆಯೆಂಬುದನ್ನು ತೋರಿಸಲು ಸಾಕು.

ಪಶ್ಚಿಮದಲ್ಲಿ ಹಬ್ಬಿದ ಈ ಹಠಯೋಗದ ಹಲವು ಕವಲುಗಳ ಮೂಲವನ್ನು ಹುಡುಕುತ್ತ ಹೋದರೆ ನಾವು ಕನ್ನಡ ನಾಡಿಗೇ ಬಂದು ನಿಲ್ಲುತ್ತೇವೆ. ೧೮೮೮ರಲ್ಲಿ ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರು ಆ ವಿದ್ಯೆಯನ್ನು ಲೋಕಕ್ಕೆಲ್ಲ ಹರಡಿದರು. ಇನ್ನು ನಮ್ಮ ಸೀಮೆಯ ಜನಸಾಮಾನ್ಯರಿಗೆ ಯೋಗವನ್ನು ಮುಟ್ಟಿಸಿದವರು ಹೊಳಲ್ಕೆರೆ ತಾಲ್ಲೂಕು ಮಲ್ಲಾಡಿಹಳ್ಳಿಯ ಅನಾಥಸೇವಾಶ್ರಮದ ರಾಘವೇಂದ್ರ ಸ್ವಾಮೀಜಿಯವರು. 'ತಿರುಕ' ಎಂದೇ ಹೆಸರಾದ ಅವರು ೧೯೯೬ರಲ್ಲಿ ಲಿಂಗೈಕ್ಯರಾಗುವವರೆಗೆ ಊರೂರಿಗೆ ಹೋಗಿ ಯೋಗಶಿಬಿರ ನಡೆಸಿದರು. ಆಶ್ರಮದ ಹೆಸರನ್ನೇ ನೋಡಿರಿ. ಆಸರೆಯಿಲ್ಲದ ಮಕ್ಕಳಿಗೆ ಅನ್ನ, ವಿದ್ಯೆ, ವೈದ್ಯಗಳ ಜೊತೆಗೆ ಅಂಗಸಾಧನೆಯನ್ನೂ ಅವರು ಕೊಟ್ಟರು. ಬೆದರಿದ ಮಗುವಿಗೆ ತನ್ನ ಮೈಮೇಲೆ ತನಗೆ ಹಿಡಿತವಿದೆಯೆಂದು ತಿಳಿಯುವುದೇ ಒಂದು ಪುನರ್ಜನ್ಮ. ಹರಿಹರದ ಪಂಚಮಸಾಲಿ ಪೀಠಕ್ಕೆ ಬಂದ ವಚನಾನಂದ ಸ್ವಾಮೀಜಿಯವರು ಕೂಡ ಅದಕ್ಕೆ ಮೊದಲೇ 'ಶ್ವಾಸಗುರು' ಎಂಬ ಹೆಸರಿನಿಂದ ಯೋಗಶಿಕ್ಷಕರಾಗಿ ಪ್ರಸಿದ್ಧರಾಗಿದ್ದವರು.

ಪೂಜೆ, ಭಜನೆ, ಕಾಯಕ

ಶರಣಧರ್ಮವು ತನುವನ್ನು ಹಗೆಯೆಂದು ಕಾಣಲಿಲ್ಲ. ತನು, ಮನ, ಧನಗಳ ಅರ್ಪಣೆಯನ್ನು ಹೇಳುವಾಗ ನಮ್ಮ ಹಿರಿಯರು ತನುವನ್ನು ಮೊದಲಿಟ್ಟರು. ಲಿಂಗಾಂಗ ಸಾಮರಸ್ಯವೆಂಬ ಪದದಲ್ಲಿ ಲಿಂಗದೊಡನೆ ಬೆರೆಯಬೇಕಾದದ್ದು ಅಂಗ. ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನಿಂತಿರುವುದನ್ನು ನೀವು ಕಂಡಿದ್ದೀರಿ. ತನುಮನಗಳ ಸಂಬಂಧವೂ ಹಾಗೆಯೇ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಅಭಿಷೇಕ ಮಾಡಲು ಬಾರದು.

ಇಷ್ಟಲಿಂಗಪೂಜೆಯ ಕ್ರಮವನ್ನು ಈ ದೃಷ್ಟಿಯಿಂದ ನೋಡಬಹುದು. ಕಣ್ಣು ಮುಚ್ಚಿ ಕುಳಿತುಕೊಳ್ಳುವ ಧ್ಯಾನವು ಆಘಾತಕ್ಕೆ ಸಿಕ್ಕವರಿಗೆ ಹಲವು ವೇಳೆ ಕಷ್ಟವಾಗುತ್ತದೆ. ಕಣ್ಣು ಮುಚ್ಚಿದೊಡನೆ ಆ ದೃಶ್ಯವೇ ಎದುರಿಗೆ ಬರುತ್ತದೆ. ಇಷ್ಟಲಿಂಗಪೂಜೆಯಲ್ಲಿ ಎಡ ಅಂಗೈಯಲ್ಲಿ ಲಿಂಗವಿದೆ, ಅದಕ್ಕೊಂದು ಭಾರವಿದೆ, ತಂಪಿದೆ. ದೃಷ್ಟಿ ತೆರೆದಿದ್ದು ಅದರ ಮೇಲೆ ನೆಟ್ಟಿರುತ್ತದೆ. ವಿಭೂತಿಯ ಸ್ಪರ್ಶ ಹಣೆಗಿದೆ, ಪರಿಮಳ ಮೂಗಿಗಿದೆ. ಅಲೆಯುವ ಚಿತ್ತಕ್ಕೆ 'ನೀನು ಈಗ ಇಲ್ಲಿದ್ದೀಯೆ, ನಿನ್ನ ಮನೆಯಲ್ಲಿದ್ದೀಯೆ' ಎಂದು ಪಂಚೇಂದ್ರಿಯಗಳೂ ಸಾಕ್ಷಿ ಹೇಳುತ್ತವೆ. ಇಂದಿನ ಚಿಕಿತ್ಸಕರು ಬೆದರಿದ ರೋಗಿಯ ಕೈಗೆ ಒಂದು ವಸ್ತುವನ್ನು ಕೊಟ್ಟು ಅದರ ಭಾರವನ್ನೂ ಬಣ್ಣವನ್ನೂ ಗಮನಿಸಲು ಹೇಳುವುದು ಇದೇ ಕಾರಣಕ್ಕೆ. ಪೂಜೆಯ ಉದ್ದೇಶ ಚಿಕಿತ್ಸೆಯಲ್ಲ. ಅದರ ಗುರಿ ಹಿರಿದು. ಆದರೆ ಹಿರಿದಾದ ಗುರಿಯ ದಾರಿಯಲ್ಲಿ ದಣಿದವನಿಗೆ ನೆರಳೂ ಸಿಗುತ್ತದೆ.

ಇನ್ನು ಶ್ವಾಸ. ಉಸಿರನ್ನು ಒಳಗೆಳೆದಾಗ ಹೃದಯದ ಬಡಿತ ಸ್ವಲ್ಪ ಏರುತ್ತದೆ, ಹೊರಬಿಟ್ಟಾಗ ಇಳಿಯುತ್ತದೆ. ಹೊರಬಿಡುವ ಕಾಲವನ್ನು ತುಸು ಹೆಚ್ಚಿಸಿದರೆ ವೇಗಸ್ ನರದ ಮೂಲಕ ಶರೀರಕ್ಕೆ ಶಾಂತಿಯ ಸೂಚನೆ ಹೋಗುತ್ತದೆ. ನಾಲ್ಕು ಎಣಿಸುವಷ್ಟು ಕಾಲ ಒಳಗೆ, ಆರು ಎಣಿಸುವಷ್ಟು ಕಾಲ ಹೊರಗೆ, ನಡುವೆ ಬಿಗಿಹಿಡಿಯುವುದು ಬೇಡ. ಐದು ನಿಮಿಷ ಸಾಕು. ಗುಂಪಾಗಿ ಕುಳಿತು ಭಜನೆ ಮಾಡುವಾಗ, ವಚನಗಳನ್ನು ಹಾಡುವಾಗ ಇದು ತಾನೇ ತಾನಾಗಿ ನಡೆಯುತ್ತದೆ, ಏಕೆಂದರೆ ಹಾಡೆಂದರೆ ದೀರ್ಘವಾದ ನಿಶ್ವಾಸ. ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳೊಡನೆ ೧೯೧೩ರಲ್ಲಿ ಸಾರ್ವಜನಿಕ ಬಸವ ಜಯಂತಿಯನ್ನು ಆರಂಭಿಸಿದ ದಾವಣಗೆರೆಗೆ ಕೂಡಿ ಹಾಡುವ ರೂಢಿಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ನಿಂತುಹೋದ ಕಡೆ ಮತ್ತೆ ಆರಂಭಿಸಿದರಾಯಿತು. ದುಃಖದಲ್ಲಿರುವವರನ್ನು ಕರೆದು ನಡುವೆ ಕೂಡಿಸಿಕೊಳ್ಳಬೇಕು. ಹಾಡಲಾಗದಿದ್ದರೆ ತಾಳ ಹಿಡಿಯಲಿ.

ಕಾಯಕವೆಂಬ ಶಬ್ದವು ಕಾಯದಿಂದ ಹುಟ್ಟಿದ್ದು. ಲಯಬದ್ಧವಾದ ಕೈಗೆಲಸ ಬೆಚ್ಚಿದ ಶರೀರಕ್ಕೆ ಒಂದು ಆಸರೆ. ಜೋಳದ ರೊಟ್ಟಿಯನ್ನು ತಟ್ಟುವ ತಾಯಿಯನ್ನು ನೋಡಿರಿ. ಎರಡೂ ಅಂಗೈ ಸಮನಾಗಿ ದುಡಿಯುತ್ತವೆ, ಹಿಟ್ಟು ಬಿಸಿಯಾಗಿದೆ, ಸದ್ದಿಗೊಂದು ತಾಳವಿದೆ, ಕೊನೆಗೆ ನಾಲ್ಕು ಜನಕ್ಕೆ ಊಟವಿದೆ. ಕಂಗೆಟ್ಟವರನ್ನು 'ನೀನು ಏನೂ ಮಾಡಬೇಡ, ಮಲಗಿರು' ಎಂದು ತಿಂಗಳುಗಟ್ಟಲೆ ಕೋಣೆಯಲ್ಲಿ ಇರಿಸುವುದು ಪ್ರೀತಿಯಿಂದ ಮಾಡುವ ಅಪಚಾರ. ಹೂ ಕಟ್ಟುವುದು, ಕಾಳು ಹಸನು ಮಾಡುವುದು, ಗಿಡಕ್ಕೆ ನೀರೆರೆಯುವುದು, ಬೆಳಗಿನಲ್ಲಿ ಜೊತೆಗೊಬ್ಬರೊಡನೆ ನಡೆದಾಡುವುದು, ಇಂಥ ಸಣ್ಣ ಕಾಯಕಗಳಿಂದ ಆರಂಭಿಸಬೇಕು. ಕೆಲಸ ಕಳೆದುಕೊಂಡ ಗಂಡಸರಿಗಂತೂ ಕೈಗೆ ಕಾಯಕ ಮರಳುವುದೆಂದರೆ ಬೆನ್ನುಮೂಳೆ ಮರಳಿದಂತೆ.

ಒತ್ತಾಯ ಸಲ್ಲದು

ಈ ಲೇಖನದ ತಿರುಳು ಇಲ್ಲಿದೆ. ಆಘಾತವೆಂದರೆ ಮನುಷ್ಯನ ಇಚ್ಛೆಯನ್ನು ತುಳಿದು ಅವನ ಮೈಮೇಲೆ ಏನೋ ಒಂದು ನಡೆದುಹೋದದ್ದು. ಆದ್ದರಿಂದ ಅದರ ಚಿಕಿತ್ಸೆಯಲ್ಲಿ ಇಚ್ಛೆಯನ್ನು ತುಳಿಯುವ ಯಾವ ಕ್ರಮಕ್ಕೂ ಸ್ಥಾನವಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದರೂ ಒತ್ತಾಯವು ಹಳೆಯ ಗಾಯವನ್ನೇ ಕೆದಕುತ್ತದೆ. ಯೋಗಶಿಕ್ಷಕನು ಹೇಳಬೇಕಾದ ಮಾತು 'ಹೀಗೆ ಮಾಡು' ಎಂದಲ್ಲ, 'ಬೇಕೆನಿಸಿದರೆ ಹೀಗೆ ಮಾಡಿ ನೋಡಿ, ಬೇಡವಾದರೆ ನಿಲ್ಲಿಸಿ' ಎಂದು. ಕೇಳದೆ ಮೈ ಮುಟ್ಟಿ ಆಸನ ತಿದ್ದಬಾರದು. ಶವಾಸನದಲ್ಲಿ ಅಂಗಾತ ಮಲಗುವುದು ಕೆಲವರಿಗೆ ಭಯ ತರುತ್ತದೆ. ಅವರು ಗೋಡೆಗೆ ಒರಗಿ, ಬಾಗಿಲು ಕಾಣುವಂತೆ ಕುಳಿತುಕೊಳ್ಳಲಿ. ಭಸ್ತ್ರಿಕಾ, ಕಪಾಲಭಾತಿಗಳಂಥ ವೇಗದ ಉಸಿರಾಟ ಎದೆಬಡಿತವಿರುವವರಿಗೆ ತಕ್ಕದ್ದಲ್ಲ. ಮಹಿಳೆಯರಿಗೆ ಸಾಧ್ಯವಾದಷ್ಟು ಮಹಿಳೆಯರೇ ಕಲಿಸಲಿ. ತಲೆ ಸುತ್ತಿದರೆ, ಮೈ ಮರಗಟ್ಟಿದರೆ, ಆ ದೃಶ್ಯ ಮರುಕಳಿಸಿದರೆ ಅಭ್ಯಾಸವನ್ನು ಅಲ್ಲಿಗೇ ಬಿಟ್ಟು ಕಣ್ಣು ತೆರೆದು, ಪಾದಗಳನ್ನು ನೆಲಕ್ಕೆ ಊರಿ, ಸುತ್ತಲಿನ ವಸ್ತುಗಳನ್ನು ಒಂದೊಂದಾಗಿ ನೋಡಬೇಕು.

ಮಾತಿಗೂ ಇದೇ ನಿಯಮ. ದುರಂತವಾದ ಮನೆಗೆ ಹೋದವರು 'ಹೇಗಾಯಿತು, ಎಲ್ಲಿ ಬಿದ್ದಿದ್ದ' ಎಂದು ಕೆದಕಿ ಕೇಳುವುದು ನಮ್ಮಲ್ಲಿ ಕಾಣುವ ಕೆಟ್ಟ ರೂಢಿ. ಹೊಸದಾಗಿ ಆಘಾತಕ್ಕೆ ಸಿಕ್ಕವರಿಂದ ಬಲವಂತವಾಗಿ ಘಟನೆಯನ್ನು ಹೇಳಿಸುವುದು ಸಲ್ಲದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಅನ್ನ, ನೀರು, ಹೊದಿಕೆ, ಜೊತೆ, ಸರಿಯಾದ ಸುದ್ದಿ ಇಷ್ಟನ್ನು ಮೊದಲು ಕೊಡಬೇಕು. ಅವರು ತಾವಾಗಿ ಮಾತನಾಡಿದರೆ ನಡುವೆ ಬಾಯಿ ಹಾಕದೆ ಕೇಳಬೇಕು. ಅಂಗಡಿಯಿಂದ ನಿದ್ರೆಯ ಗುಳಿಗೆ ತಂದು ನುಂಗಿಸುವುದೂ ತಪ್ಪು. ಆಘಾತವಾದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗೆಂದು ಅಂಥ ಗುಳಿಗೆಗಳಲ್ಲಿ ಬೆಂಜೋಡಯಜೆಪಿನ್ ವರ್ಗದವನ್ನು ಕೊಡಬಾರದೆಂದು ಅದೇ ಸಂಸ್ಥೆ ೨೦೧೩ರಲ್ಲಿ ಸೂಚಿಸಿದೆ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಎಲ್ಲ ಆಘಾತಗಳೂ ಹೊಳೆಯಿಂದ, ಹೆದ್ದಾರಿಯಿಂದ ಬರುವುದಿಲ್ಲ. ಮನೆಯೊಳಗಿನ ಹೊಡೆತದಿಂದ, ನಂಬಿದ ಹಿರಿಯರ ದುರ್ನಡತೆಯಿಂದ ಬೆಚ್ಚಿದ ಹೆಣ್ಣುಮಕ್ಕಳೂ ಮಕ್ಕಳೂ ಇದ್ದಾರೆ. ಅದು ನಡೆದದ್ದು ಮನೆಯಲ್ಲೇ ಇರಲಿ, ಶಾಲೆಯಲ್ಲೇ ಇರಲಿ, ಮಠದ ವಿದ್ಯಾರ್ಥಿನಿಲಯದಲ್ಲೇ ಇರಲಿ, ಅಂಥ ಮಗುವಿಗೆ ಪ್ರಾಣಾಯಾಮ ಹೇಳಿಕೊಟ್ಟು 'ಸಹಿಸಿಕೊ' ಎನ್ನುವುದು ಘೋರವಾದ ಅನ್ಯಾಯ. ಅಪಾಯ ಇನ್ನೂ ಇರುವಾಗ ಶರೀರ ಬೆಚ್ಚುವುದು ರೋಗವಲ್ಲ, ಅದು ಶರೀರದ ಸತ್ಯ. ಮೊದಲು ಮಗುವನ್ನು ನಂಬಬೇಕು, ಸುರಕ್ಷಿತವಾದ ಸ್ಥಳಕ್ಕೆ ಸೇರಿಸಬೇಕು, ೨೦೧೨ರ ಪೋಕ್ಸೊ ಕಾಯಿದೆಯಂತೆ ದೂರು ಕೊಡಬೇಕು. ಮಕ್ಕಳ ಸಹಾಯವಾಣಿ ೧೦೯೮, ಮಹಿಳೆಯರ ಸಹಾಯವಾಣಿ ೧೮೧. ಮನೆತನದ ಮರ್ಯಾದೆ, ಪೀಠದ ಮರ್ಯಾದೆ ಎಂದು ಬಾಯಿ ಮುಚ್ಚಿಸುವವರು ಧರ್ಮಕ್ಕೆ ಎರಡು ಬಗೆದವರು.

ವೈದ್ಯರ ಬಾಗಿಲು

ಇಷ್ಟೆಲ್ಲ ಹೇಳಿದ ಮೇಲೂ ಪೂಜೆ, ಯೋಗ, ಕಾಯಕಗಳು ವೈದ್ಯರ ಸ್ಥಾನವನ್ನು ತುಂಬಲಾರವು. ಆಘಾತದ ನೆನಪನ್ನು ಕ್ರಮವಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆಗಳಿಗೆ ಇರುವಷ್ಟು ಆಧಾರ ಬೇರೆ ಯಾವುದಕ್ಕೂ ಇಲ್ಲ. ಅಗತ್ಯವಿದ್ದವರಿಗೆ ಔಷಧವೂ ಉಂಟು. ಶರೀರಮೂಲದ ಚಿಕಿತ್ಸೆಯು ಇವುಗಳ ಜೊತೆಗೆ ನಡೆಯಬೇಕಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಬಿ.ಎನ್. ಗಂಗಾಧರ್ ಮೊದಲಾದ ವೈದ್ಯರು ಯೋಗವನ್ನು ಮನೋವೈದ್ಯದ ಜೊತೆಗೆ ಇರಿಸಿ ಅಧ್ಯಯನ ಮಾಡಿದ್ದು ಈ ಕ್ರಮದಲ್ಲಿಯೇ. ಚಿಕಿತ್ಸೆಗಾಗಿ ಬೆಂಗಳೂರಿಗೇ ಹೋಗಬೇಕೆಂಬ ಕಾಲವೂ ಇದಲ್ಲ. ಮನೋವೈದ್ಯವನ್ನು ಹಳ್ಳಿಯ ಆರೋಗ್ಯಕೇಂದ್ರದವರೆಗೆ ಒಯ್ಯುವ ಮಾದರಿಯನ್ನು ನಿಮ್ಹಾನ್ಸ್ ೧೯೮೦ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ ರೂಪಿಸಿತು. ಅದನ್ನು ಆಧರಿಸಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ೧೯೯೬ರಲ್ಲಿ ದೇಶದಲ್ಲಿ ಆರಂಭವಾಯಿತು. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿಯೂ ವೈದ್ಯಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರನ್ನು ಕಾಣಬಹುದು. ಮನೆಯಿಂದ ಹೊರಡಲಾಗದವರಿಗೆ ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬ ಸಂಖ್ಯೆಯಿದೆ. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಯಾರಾದರೂ ಸಾಯುವ ಮಾತನಾಡಿದರೆ ಹಗುರವಾಗಿ ತೆಗೆದುಕೊಳ್ಳದೆ, ಅವರನ್ನು ಒಂಟಿಯಾಗಿ ಬಿಡದೆ, ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಮ್ಮ ಮಠಗಳೂ ಸಂಘಗಳೂ ಮಾಡಬಹುದಾದ ಕೆಲಸ ಬಹಳವಿದೆ. ವಾರಕ್ಕೊಮ್ಮೆ ಒಂದು ಗಂಟೆ ಮಠದ ಪ್ರಸಾದನಿಲಯದಲ್ಲಿಯೋ ಸಮುದಾಯಭವನದಲ್ಲಿಯೋ ಸೌಮ್ಯವಾದ ಆಸನ, ಶ್ವಾಸ, ಭಜನೆಗಳಿಗೆ ಸ್ಥಳ ಕೊಡಬಹುದು. ಅಲ್ಲಿಗೆ ಬಂದವರ ಕಥೆಯನ್ನು ಯಾರೂ ಕೇಳಬಾರದು, ಹೆಸರು ಬರೆದುಕೊಳ್ಳಬಾರದು. ತಿಂಗಳಿಗೊಮ್ಮೆ ಮನೋವೈದ್ಯರೊಬ್ಬರನ್ನು ಕರೆಸಬಹುದು. ಹೊಳೆ ಮತ್ತೆ ಉಕ್ಕಿದ ವರ್ಷ ಪರಿಹಾರಕೇಂದ್ರದಲ್ಲಿ ಅಕ್ಕಿಬೇಳೆ ಹಂಚುವ ಕಾರ್ಯಕರ್ತರಿಗೆ ಈ ನಾಲ್ಕು ಮಾತುಗಳನ್ನು ಮೊದಲೇ ಕಲಿಸಿಟ್ಟಿದ್ದರೆ ಅದು ಅನ್ನದಾಸೋಹದಷ್ಟೇ ದೊಡ್ಡ ದಾಸೋಹವಾಗುತ್ತದೆ.

ಮನೆಯವರು ಮಾಡಬೇಕಾದದ್ದು ಇನ್ನೂ ಸರಳ. ನಡುರಾತ್ರಿ ಬೆಚ್ಚಿ ಎದ್ದವರ ಹತ್ತಿರ ದೀಪ ಹಚ್ಚಿ ಕುಳಿತುಕೊಳ್ಳಿ. ಹೆಸರು ಹಿಡಿದು ಕರೆಯಿರಿ. ಇಂದು ಯಾವ ವಾರ, ತಾವೆಲ್ಲಿದ್ದೇವೆ ಎಂದು ಮೆಲ್ಲನೆ ನೆನಪಿಸಿರಿ. ಕೈ ಹಿಡಿಯಲೇ ಎಂದು ಕೇಳಿ ಹಿಡಿಯಿರಿ. ಒಂದು ಲೋಟ ನೀರು ಕೊಡಿರಿ. ತಿಂಗಳೊಪ್ಪತ್ತಿನಲ್ಲಿ ಗುಣ ಕಾಣಲಿಲ್ಲವೆಂದು ಬೇಸರಿಸಬೇಡಿರಿ. ಒಂದೇ ಗಳಿಗೆಯಲ್ಲಿ ಹೊಕ್ಕ ಭಯ ಹೊರಡಲು ಕೆಲವು ವರ್ಷ ಬೇಡಬಹುದು. ಅಭಯವೆಂಬುದು ದೇವರ ಕೈಯಲ್ಲಿ ಮಾತ್ರವಿಲ್ಲ. ಅವಸರವಿಲ್ಲದೆ ಪಕ್ಕದಲ್ಲಿ ಕುಳಿತ ಮನೆಯವರ ಕೈಯಲ್ಲಿಯೂ ಅದಿದೆ.